ಹಳೆಯ ಸರ್ಕಾರಿ ರೀಲುಗಳಿಂದ ಏಳು ನಿಮಿಷದ ಸಾಕ್ಷ್ಯಚಿತ್ರ: ಸಂಗೀತ ಎಲ್ಲಿ ಇಟ್ಟೆ, ಎಲ್ಲಿ ತೆಗೆದೆ

ಏಳು ನಿಮಿಷದ ಒಂದು ಸಾಕ್ಷ್ಯಚಿತ್ರದ ಎಡಿಟಿಂಗ್ ಮುಗಿಸಿದ್ದೇನೆ. ಹೊಸದಾಗಿ ಒಂದು ಶಾಟ್ ಕೂಡ ತೆಗೆದಿಲ್ಲ. ಎಲ್ಲವೂ 1946ರಿಂದ 1953ರ ನಡುವಿನ ಅಮೆರಿಕದ ರೀಲುಗಳು. ಅಣುಬಾಂಬಿನ ಬಗ್ಗೆ ಅಲ್ಲಿನ ಸರ್ಕಾರ ತನ್ನ ಜನಕ್ಕೆ ಏನು ಹೇಳಿತು, ಆ ಬಾಂಬಿಗಾಗಿ ಪೆಸಿಫಿಕ್ ಸಾಗರದ ಬಿಕಿನಿ ದ್ವೀಪದ ಜನ ಏನು ಕಳೆದುಕೊಂಡರು, ಎರಡನ್ನೂ ಪಕ್ಕಪಕ್ಕ ಇಡಬೇಕು ಅನ್ನುವುದು ನನ್ನ ಆಸೆಯಾಗಿತ್ತು. ನಿರೂಪಣೆ ಇಲ್ಲ, ಸಂದರ್ಶನ ಇಲ್ಲ. ಹಳೆಯ ಚಿತ್ರ, ಹಳೆಯ ದನಿ, ಸಂಗೀತ, ಪರದೆಯ ಮೂಲೆಯಲ್ಲಿ ಇಸವಿ. ಅಷ್ಟೇ.

ಈ ದಾರಿ ನನ್ನದಲ್ಲ. 1927ರಲ್ಲಿ ಎಸ್ಫಿರ್ ಶುಬ್ ಎಂಬಾಕೆ ರಷ್ಯಾದ ತ್ಸಾರ್ ಮನೆತನದ ಸ್ವಂತ ಫಿಲ್ಮುಗಳನ್ನೇ ಕತ್ತರಿಸಿ ಆ ಮನೆತನದ ಪತನದ ಕಥೆ ಹೇಳಿದ್ದರು. ಹಡಗಿನ ಮೇಲೆ ಕುಣಿದು ಬೆವರುವ ಶ್ರೀಮಂತರು, ಅದರ ಬೆನ್ನಿಗೇ ದುಡಿದು ಬೆವರುವ ಬಡವರು. ಅದು ಮೂಕಿ ಚಿತ್ರ, ಹಾಡಿನ ನೆರವೇ ಇರಲಿಲ್ಲ. ಆಮೇಲೆ 1982ರಲ್ಲಿ ‘ದಿ ಅಟಾಮಿಕ್ ಕೆಫೆ’ ಬಂತು. ಅಣುಯುಗದ ಸರ್ಕಾರಿ ರೀಲುಗಳನ್ನು ಆ ಕಾಲದ ಹಾಡುಗಳ ಜೊತೆ ಜೋಡಿಸಿ, ನಿರೂಪಕನಿಲ್ಲದೆಯೂ ಪೂರ್ತಿ ಚಿತ್ರ ನಿಲ್ಲಬಲ್ಲದು ಅಂತ ತೋರಿಸಿತು. ನಾನು ಮಾಡಿದ್ದು ಅದರ ಮುಂದೆ ತುಂಬ ಚಿಕ್ಕ ಕೆಲಸ. ಆದರೆ ವ್ಯಂಗ್ಯಕ್ಕೆ ಸಂಗೀತ ಬಳಸುವಾಗ ಎಲ್ಲಿ ಕೈ ಜಾರುತ್ತದೆ ಅನ್ನುವುದು ಟೈಮ್‌ಲೈನ್ ಮುಂದೆ ಕೂತಾಗಲೇ ಗೊತ್ತಾಗುವುದು. ಅದನ್ನು ಬರೆದಿಡುತ್ತಿದ್ದೇನೆ.

ಸಾಧನಗಳು: ಎಡಿಟಿಂಗಿಗೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ, ವಿಡಿಯೊ ಫೈಲು ಸರಿಮಾಡಲು ಎಫ್‌ಎಫ್‌ಎಂಪೆಗ್, ಸದ್ದಿನ ಕೆಲಸಕ್ಕೆ ಆಡಾಸಿಟಿ, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್, ಒಂದು ಟೆರಾಬೈಟ್ ಹಾರ್ಡ್‌ಡಿಸ್ಕ್. ಸಾಫ್ಟ್‌ವೇರ್‌ಗೆ ಖರ್ಚು ಏನೂ ಇಲ್ಲ.

ಹಂತ 1: ರೀಲು ಹುಡುಕುವುದು

ಅಮೆರಿಕದ ಫೆಡರಲ್ ಸರ್ಕಾರದ ನೌಕರರು ಕೆಲಸದ ಭಾಗವಾಗಿ ಮಾಡಿದ ಫಿಲ್ಮಿಗೆ ಆ ದೇಶದಲ್ಲಿ ಹಕ್ಕುಸ್ವಾಮ್ಯ ಇಲ್ಲ. ಹಾಗಾಗಿ ನೌಕಾಪಡೆಯ ರೀಲುಗಳು ನಿರಾಳ. ನ್ಯಾಷನಲ್ ಆರ್ಕೈವ್ಸ್‌ನ ಕ್ಯಾಟಲಾಗ್, ಇಂಟರ್ನೆಟ್ ಆರ್ಕೈವ್, ಅದರೊಳಗೆ ಹಳೆಯ ಶೈಕ್ಷಣಿಕ, ಪ್ರಚಾರ, ಮನೆ ಫಿಲ್ಮುಗಳಿರುವ ಪ್ರೆಲಿಂಜರ್ ಸಂಗ್ರಹ, ಈ ಮೂರು ಕಡೆ ಹುಡುಕಿದೆ. ಕೊನೆಗೆ ಉಳಿಸಿಕೊಂಡದ್ದು ಇಷ್ಟು:

1946ರ ಮಾರ್ಚ್‌ನಲ್ಲಿ ಬಿಕಿನಿಯಲ್ಲಿ ನೌಕಾಪಡೆಯ ಕ್ಯಾಮೆರಾಗಳು ತೆಗೆದ ದೃಶ್ಯಗಳು. ಅದೇ ವರ್ಷದ ಜುಲೈನಲ್ಲಿ ಅಲ್ಲಿ ನಡೆದ ಎರಡು ಸ್ಫೋಟಗಳು. ಅವಕ್ಕೆ ಏಬಲ್, ಬೇಕರ್ ಎಂದು ಹೆಸರು. 1951ರಲ್ಲಿ ತಯಾರಾದ ‘ಡಕ್ ಆ್ಯಂಡ್ ಕವರ್’, ಶಾಲಾ ಮಕ್ಕಳಿಗಾಗಿ ನಾಗರಿಕ ರಕ್ಷಣಾ ಇಲಾಖೆ ಮಾಡಿಸಿದ ಸುಮಾರು 9 ನಿಮಿಷದ ಚಿತ್ರ. 1953ರ ಮಾರ್ಚ್ 17ರಂದು ನೆವಾಡಾ ಮರುಭೂಮಿಯಲ್ಲಿ ಪರೀಕ್ಷೆಗೆಂದೇ ಕಟ್ಟಿದ ಮನೆಯೊಂದು ಸ್ಫೋಟಕ್ಕೆ ನುಚ್ಚುನೂರಾಗುವ ದೃಶ್ಯ. ಜೊತೆಗೆ ಯಾವುದೋ ಕುಟುಂಬದ ಮನೆ ಫಿಲ್ಮಿನ ಒಂದು ತುಂಡು.

ಪ್ರತಿ ಶಾಟಿಗೂ ಸ್ಪ್ರೆಡ್‌ಶೀಟ್‌ನಲ್ಲಿ ಒಂದು ಸಾಲು ಬರೆದೆ: ಫೈಲ್ ಹೆಸರು, ಟೈಮ್‌ಕೋಡ್, ಇಸವಿ, ಏನಿದೆ. ಕೊನೆಯಲ್ಲಿ ಇನ್ನೊಂದು ಕಾಲಂ ಸೇರಿಸಿದೆ, ‘ಯಾರು ಯಾರಿಗೆ ಹೇಳುತ್ತಿದ್ದಾರೆ’ ಅಂತ. ಸುಮ್ನೆ ಇರಲಿ ಅಂತ ಹಾಕಿದ್ದು. ಮುಂದೆ ಎಲ್ಲಕ್ಕಿಂತ ಜಾಸ್ತಿ ನೋಡಿದ್ದು ಅದೇ ಕಾಲಂ.

ಹಂತ 2: ಫ್ರೇಮ್ ಸರಿಮಾಡುವುದು

ಇದನ್ನು ಬಿಟ್ಟರೆ ಮುಂದಿನದೆಲ್ಲ ಕೆಡುತ್ತದೆ. ಫಿಲ್ಮ್ ಸೆಕೆಂಡಿಗೆ 24 ಫ್ರೇಮ್. ಟಿವಿಗಾಗಿ ವರ್ಗಾಯಿಸಿದ ಹಳೆಯ ಫೈಲುಗಳು 29.97. ನಡುವಿನ ವ್ಯತ್ಯಾಸ ತುಂಬಲು ಪ್ರತಿ ಐದು ಫ್ರೇಮಿಗೆ ಎರಡರಲ್ಲಿ ಪಕ್ಕದ ಎರಡು ಚಿತ್ರಗಳ ಗೆರೆಗಳು ಬೆರೆತಿರುತ್ತವೆ. ಓಡುವ ಹುಡುಗನ ಅಂಚೆಲ್ಲ ಬಾಚಣಿಗೆಯ ಹಲ್ಲಿನ ಹಾಗೆ ಕಾಣುತ್ತದೆ. ಮೊದಲು ಇಂಥ ಗೆರೆ ಅಳಿಸುವ ಸಾಮಾನ್ಯ ಡಿಇಂಟರ್‌ಲೇಸ್ ಫಿಲ್ಟರ್ ಹಾಕಿ ನೋಡಿದೆ. ಗೆರೆ ಹೋಯಿತು. ಆದರೆ ಐದರಲ್ಲೊಂದು ಫ್ರೇಮ್ ಎರಡೆರಡು ಸಲ ಬಂದು ಚಲನೆ ತಡವರಿಸಿತು. ಎಫ್‌ಎಫ್‌ಎಂಪೆಗ್‌ನಲ್ಲಿ ಬೆರೆತ ಗೆರೆಗಳನ್ನು ಮತ್ತೆ ತಮ್ಮ ಚಿತ್ರಕ್ಕೇ ಜೋಡಿಸುವ ‘ಫೀಲ್ಡ್‌ಮ್ಯಾಚ್’, ಆಮೇಲೆ ಎರಡು ಸಲ ಬಂದ ಫ್ರೇಮ್ ತೆಗೆಯುವ ‘ಡೆಸಿಮೇಟ್’ ಹಾಕಿದಾಗ ಮೂಲದ 24ಕ್ಕೆ, ಕರಾರುವಾಕ್ಕಾಗಿ ಹೇಳಬೇಕೆಂದರೆ 23.976ಕ್ಕೆ, ವಾಪಸ್ ಬಂತು.

ಮನೆ ಫಿಲ್ಮಿನ ತೊಂದರೆ ಬೇರೆ. ಆಗಿನ ಮನೆ ಕ್ಯಾಮೆರಾಗಳು ಸಾಮಾನ್ಯವಾಗಿ ಸೆಕೆಂಡಿಗೆ 16 ಫ್ರೇಮ್ ತೆಗೆಯುತ್ತಿದ್ದವು. ಅದನ್ನು 24ರಲ್ಲಿ ಓಡಿಸಿದರೆ ಎಲ್ಲರೂ ಒಂದೂವರೆ ಪಟ್ಟು ವೇಗದಲ್ಲಿ ಕುಪ್ಪಳಿಸುತ್ತಾರೆ. ನೋಡಿದವರಿಗೆ ತಕ್ಷಣ ನಗು ಬರುತ್ತದೆ. ಆ ಅಮ್ಮ, ಆ ಮಕ್ಕಳು ನಗು ಬರುವಂಥದ್ದೇನೂ ಮಾಡಿರಲಿಲ್ಲ. ಯಂತ್ರದ ವೇಗ ತಪ್ಪಿದ್ದಕ್ಕೆ ಹಳೆಯ ಕಾಲದವರೆಲ್ಲ ಪೆದ್ದರ ಹಾಗೆ ಕಾಣುವುದು ಅನ್ಯಾಯ. ವೇಗವನ್ನು ಶೇಕಡ 67ಕ್ಕೆ ಇಳಿಸಿದೆ. ಅವರ ನಡಿಗೆ ನಮ್ಮೆಲ್ಲರ ನಡಿಗೆಯ ಹಾಗೇ ಆಯಿತು.

ಚಿತ್ರದ ಆಕಾರ 4:3 ಹಾಗೇ ಬಿಟ್ಟೆ, ಪಕ್ಕದಲ್ಲಿ ಕಪ್ಪು ಪಟ್ಟಿ. ಅಗಲ ಪರದೆಗೆ ತುಂಬಿಸಿದರೆ ಮೇಲೆ ಕೆಳಗೆ ಸೇರಿ ಕಾಲುಭಾಗ ಚಿತ್ರ ಕತ್ತರಿಸಿ ಹೋಗುತ್ತದೆ.

ಹಂತ 3: ಆಮೆಯ ಹಾಡು

‘ಡಕ್ ಆ್ಯಂಡ್ ಕವರ್’ ಶುರುವಾಗುವುದೇ ಒಂದು ಕಾರ್ಟೂನ್ ಆಮೆಯಿಂದ. ಎರಡು ಕಾಲಿನ ಮೇಲೆ ನಡೆದು ಬರುತ್ತದೆ. ಮರದಿಂದ ಒಂದು ಕೋತಿ ಕೋಲಿಗೆ ಪಟಾಕಿ ಕಟ್ಟಿ ಇಳಿಬಿಡುತ್ತದೆ. ಆಮೆ ಥಟ್ಟನೆ ಚಿಪ್ಪಿನೊಳಗೆ. ಹಿನ್ನೆಲೆಯಲ್ಲಿ ಮಕ್ಕಳ ಪದ್ಯದಂಥ ಲವಲವಿಕೆಯ ಹಾಡು. ಆಮೇಲೆ ನಿಜವಾದ ಮಕ್ಕಳು ತರಗತಿಯಲ್ಲಿ ಡೆಸ್ಕಿನ ಕೆಳಗೆ ನುಗ್ಗುತ್ತಾರೆ. ಸೈಕಲ್ ಮೇಲೆ ಹೋಗುತ್ತಿದ್ದ ಹುಡುಗನೊಬ್ಬ ಸೈಕಲ್ ಬಿಟ್ಟು ಗೋಡೆಯ ಬುಡದಲ್ಲಿ ಬೋರಲು ಬೀಳುತ್ತಾನೆ. ಪಿಕ್‌ನಿಕ್‌ಗೆ ಬಂದ ಕುಟುಂಬ ಹಾಸಿದ್ದ ಬಟ್ಟೆಯನ್ನೇ ತಲೆ ಮೇಲೆ ಎಳೆದುಕೊಳ್ಳುತ್ತದೆ.

ಮೊದಲ ಜೋಡಣೆಯಲ್ಲಿ ಯಾರಿಗಾದರೂ ಹೊಳೆಯುವುದನ್ನೇ ಮಾಡಿದೆ. ಆಮೆಯ ಹಾಡನ್ನು ನೆವಾಡಾದ ಮನೆ ಸಿಡಿಯುವ ದೃಶ್ಯದ ಮೇಲೆ ಇಟ್ಟೆ. ಕೆಲಸ ಮಾಡುತ್ತದೆ, ಮೂರು ಸೆಕೆಂಡು. ನೋಡಿದವರು ‘ಓಹೋ’ ಅಂದರು, ಆಮೇಲೆ ಮುಂದೇನು ಅನ್ನುವ ಹಾಗೆ ಕೂತರು. ಹಾಡು ಒಂದೇ ಮಾತು ಹೇಳಿ ಮುಗಿಸಿಬಿಟ್ಟಿತ್ತು: ಹಾಡು ಸುಳ್ಳು, ಬಾಂಬು ನಿಜ. ನೋಡುವವರಿಗೆ ಅದು ಮೊದಲೇ ಗೊತ್ತು.

ಎರಡನೆಯ ಜೋಡಣೆಯಲ್ಲಿ ಹಾಡನ್ನು ಡೆಸ್ಕಿನ ಕೆಳಗೆ ನುಗ್ಗುವ ಮಕ್ಕಳ ಮೇಲೆ ಎಳೆದೆ. ಇದು ಮೊದಲನೆಯದಕ್ಕಿಂತ ಕೆಟ್ಟದ್ದು. ಗೆಳತಿಯೊಬ್ಬಳು ನೋಡಿ, ‘ಈ ಮಕ್ಕಳನ್ನು ಯಾಕೆ ಆಡಿಕೊಳ್ಳುತ್ತಿದ್ದೀಯ?’ ಅಂದಳು. ಸ್ಪ್ರೆಡ್‌ಶೀಟ್ ತೆರೆದು ಆ ಕೊನೆಯ ಕಾಲಂ ನೋಡಿದೆ. ಹಾಡು ಹೇಳುತ್ತಿರುವವರು ಇಲಾಖೆಯವರು, ಕೇಳುತ್ತಿರುವವರು ಮಕ್ಕಳು. ಮಕ್ಕಳು ದೊಡ್ಡವರನ್ನು ನಂಬಿ ಹೇಳಿದ ಹಾಗೆ ಮಾಡುತ್ತಿದ್ದಾರೆ. ಕಿಟಕಿ ಗಾಜು ಸಿಡಿಯುವಷ್ಟು ದೂರದಲ್ಲಿದ್ದರೆ ಡೆಸ್ಕಿನ ಕೆಳಗೆ ಬಗ್ಗುವುದರಿಂದ ಸ್ವಲ್ಪ ರಕ್ಷಣೆ ಸಿಗುವುದೂ ನಿಜವೇ. ಪ್ರಶ್ನೆ ಕೇಳಬೇಕಾದ್ದು ಆ ಪಾಠ ಮಾಡಿಸಿದವರನ್ನು, ಮಕ್ಕಳನ್ನಲ್ಲ.

ಅಲ್ಲಿಂದ ಮುಂದೆ ಒಂದೇ ನಿಯಮ ಇಟ್ಟುಕೊಂಡೆ. ಹಾಡು ಯಾರ ಕಡೆಯಿಂದ ಬಂದಿದೆಯೋ ವ್ಯಂಗ್ಯ ಅವರ ಮೇಲೇ ಬೀಳಬೇಕು. ಫ್ರೇಮಿನಲ್ಲಿ ಸುಮ್ಮನೆ ಸಿಕ್ಕಿಕೊಂಡವರ ಮೇಲೆ ಅಲ್ಲ.

ಈಗಿನ ಆವೃತ್ತಿಯಲ್ಲಿ ಆಮೆಯ ಹಾಡು ಆಮೆಯ ಮೇಲೆ ಮಾತ್ರ ಇದೆ. ಕತ್ತರಿಸದೆ, ಬೇರೆ ಚಿತ್ರ ಸೇರಿಸದೆ. ಹಾಡು ನಿಂತ ಕೂಡಲೇ ತರಗತಿ. ಅಲ್ಲಿ ನಿರೂಪಕನ ದನಿ ತೆಗೆದಿದ್ದೇನೆ, ಸಂಗೀತವೂ ಇಲ್ಲ. ಮಕ್ಕಳು ಬಗ್ಗುತ್ತಾರೆ, ಕತ್ತಿನ ಹಿಂಭಾಗವನ್ನು ಕೈಯಿಂದ ಮುಚ್ಚಿಕೊಳ್ಳುತ್ತಾರೆ. ಹಾಡಿನ ಗುಂಗು ಇನ್ನೂ ಕಿವಿಯಲ್ಲಿರುವಾಗ ಅದನ್ನು ನೋಡಿದರೆ ನಗು ಬರುವುದಿಲ್ಲ. ನನಗೆ ಬೇಕಿದ್ದದ್ದು ಇದೇ.

ಹಂತ 4: ಸಂಗೀತದ ಹಕ್ಕು

ಆ ಕಾಲದ ರೇಡಿಯೊ ಹಾಡು ಹಾಕಬೇಕು ಅಂತ ತುಂಬ ಆಸೆ ಇತ್ತು. ಆಗಲಿಲ್ಲ. ಚಿತ್ರ ಸ್ವತಂತ್ರವಾಗಿದ್ದರೂ ಹಾಡು ಸ್ವತಂತ್ರ ಅಲ್ಲ. ಹಾಡಿನ ರಚನೆಗೆ ಒಂದು ಹಕ್ಕು, ರೆಕಾರ್ಡಿಂಗಿಗೆ ಇನ್ನೊಂದು. ಅಮೆರಿಕದ 2018ರ ಕಾನೂನಿನ ಪ್ರಕಾರ 1923ರಿಂದ 1946ರ ನಡುವೆ ಹೊರಬಂದ ರೆಕಾರ್ಡಿಂಗಿಗೆ 100 ವರ್ಷ ರಕ್ಷಣೆ, 1947ರಿಂದ 1956ರವರೆಗಿನದಕ್ಕೆ 110 ವರ್ಷ. ಅಂದರೆ ನನಗೆ ಬೇಕಿದ್ದ ಕಾಲದ್ದು ಯಾವುದೂ ಬಳಸುವ ಹಾಗಿಲ್ಲ. ಸರ್ಕಾರಿ ಚಿತ್ರದೊಳಗೇ ಇರುವ ಹಿನ್ನೆಲೆ ಸಂಗೀತ ಕೂಡ ಖಾಸಗಿಯವರದ್ದಾಗಿರಬಹುದು. ಚಿತ್ರದಿಂದ ಸಂಗೀತವನ್ನು ಮಾತ್ರ ಎತ್ತಿ ಬೇರೆ ಕಡೆ ಇಡುವ ಮೊದಲು ಇದನ್ನು ನೋಡಲೇಬೇಕು.

ದಾರಿ ಸಿಕ್ಕಿದ್ದು ಮಿಲಿಟರಿ ಬ್ಯಾಂಡಿನಲ್ಲಿ. ಅಮೆರಿಕದ ಮರೀನ್ ಬ್ಯಾಂಡ್ ಸರ್ಕಾರದ ಭಾಗ, ಅವರು ನುಡಿಸಿ ಪ್ರಕಟಿಸಿದ ಹಳೆಯ ಮಾರ್ಚ್‌ಗಳ, ಅಂದರೆ ಕವಾಯತಿನ ಹೆಜ್ಜೆಗೆ ನುಡಿಸುವ ಸಂಗೀತದ, ರೆಕಾರ್ಡಿಂಗ್ ಬಳಸಲು ಅಡ್ಡಿಯಿಲ್ಲ. ಇಂಥ ಮಾರ್ಚ್‌ಗಳನ್ನು ರಚಿಸಿದ ಜಾನ್ ಫಿಲಿಪ್ ಸೂಸಾ 1932ರಲ್ಲೇ ತೀರಿಕೊಂಡವರು, ಅವರ 1889ರ ಒಂದು ಮಾರ್ಚ್ ಆರಿಸಿಕೊಂಡೆ. ಅನಿವಾರ್ಯಕ್ಕೆ ಹೋದ ದಾರಿ ನಿಯಮಕ್ಕೂ ಸರಿಹೊಂದಿತು. ಜನರ ಜನಪ್ರಿಯ ಹಾಡಲ್ಲ, ಪಡೆಯದ್ದೇ ಸಂಗೀತ. ಪಡೆಯ ಹಡಗುಗಳ ಮೇಲೆ ಅದನ್ನು ಇಟ್ಟರೆ ಹೊರಗಿನಿಂದ ಏನೂ ತಂದು ಅಂಟಿಸಿದ ಹಾಗಾಗಲಿಲ್ಲ.

ಹಂತ 5: ಬಿಕಿನಿ

ಅತಿ ಹೆಚ್ಚು ಹೊತ್ತು ಸಿಕ್ಕಿಬಿದ್ದದ್ದು ಇಲ್ಲೇ.

1946ರ ಫೆಬ್ರವರಿಯಲ್ಲಿ ನೌಕಾಪಡೆಯ ಅಧಿಕಾರಿ ಕಮಡೋರ್ ಬೆನ್ ವ್ಯಾಟ್ ಬಿಕಿನಿಗೆ ಹೋಗಿ, ಮಾನವಕುಲದ ಒಳಿತಿಗಾಗಿ, ಯುದ್ಧಗಳನ್ನೇ ಕೊನೆಗಾಣಿಸಲು, ದ್ವೀಪ ಬಿಟ್ಟುಕೊಡುತ್ತೀರಾ ಅಂತ ಅಲ್ಲಿನ ಜನರನ್ನು ಕೇಳಿದ. ಮುಖ್ಯಸ್ಥ ಜುಡಾ ಒಪ್ಪಿದರು. ಮಾರ್ಚ್‌ನಲ್ಲಿ 167 ಜನರನ್ನು ಸುಮಾರು 200 ಕಿಲೋಮೀಟರ್ ದೂರದ ರೊಂಗೆರಿಕ್‌ಗೆ ಸಾಗಿಸಲಾಯಿತು. ಅಲ್ಲಿ ಊಟಕ್ಕೆ ಗತಿಯಿಲ್ಲದೆ ಜನ ಸೊರಗಿದರು. 1948ರಲ್ಲಿ ಅಲ್ಲಿಂದಲೂ ಎಬ್ಬಿಸಬೇಕಾಯಿತು. ಬಿಕಿನಿಯಲ್ಲಿ 1958ರವರೆಗೆ ಒಟ್ಟು 23 ಸ್ಫೋಟಗಳು ನಡೆದವು.

ಹೊರಡುವ ಹೊತ್ತಿಗೆ ನೌಕಾಪಡೆ ಆ ‘ಒಪ್ಪಿಗೆ’ಯನ್ನು ಕ್ಯಾಮೆರಾ ಮುಂದೆ ಮತ್ತೆ ಆಡಿಸಿತು. ಜನ ಮರಳಿನ ಮೇಲೆ ಕೂತಿದ್ದಾರೆ, ವ್ಯಾಟ್ ಎದುರಿಗೆ. ಅದೇ ಪ್ರಶ್ನೆ, ದುಭಾಷಿಯ ಮೂಲಕ ಅದೇ ಉತ್ತರ. ಟೇಕ್ ಸರಿಬರಲಿಲ್ಲ ಅಂತ ಮತ್ತೆ. ಇನ್ನೊಮ್ಮೆ ಮತ್ತೆ.

ಜನ ಗಂಟುಮೂಟೆ ಕಟ್ಟುವ ಶಾಟುಗಳ ಮೇಲೆ ಮೊದಲು ಮಾರ್ಚ್ ಸಂಗೀತ ಹಾಕಿದ್ದೆ. ಪೇಪರಿನ ಮೇಲೆ ಸರಿಯೇ ಕಾಣುತ್ತಿತ್ತು: ವಿಜಯದ ಸಂಗೀತ, ಸೋತವರ ಚಿತ್ರ. ಪರದೆಯ ಮೇಲೆ ಒಬ್ಬ ಹೆಂಗಸು ಚಾಪೆಯ ಸುರುಳಿ ಹೊತ್ತು ದೋಣಿಯ ಕಡೆ ನಡೆಯುತ್ತಾಳೆ. ಅವಳ ಹೆಜ್ಜೆ ಡ್ರಮ್ಮಿನ ಏಟಿಗೆ ತಾನಾಗಿಯೇ ಕೂಡಿಕೊಂಡಿತು. ಅವಳು ಕವಾಯತು ಮಾಡಿದ ಹಾಗಾಯಿತು. ಆ ಕ್ಷಣವೇ ತೆಗೆದುಹಾಕಿದೆ. ಆಮೇಲೆ ನಿಧಾನದ, ದುಃಖದ ಪಿಯಾನೊ ಹಾಕಿ ನೋಡಿದೆ. ಅದು ಇನ್ನೊಂದು ಬಗೆಯ ಸುಳ್ಳು. ನೋಡುವವರು ಅಳಬೇಕಾದ ಜಾಗವನ್ನು ನಾನೇ ಗುರುತು ಹಾಕಿ ಕೊಟ್ಟ ಹಾಗಿತ್ತು. ಅದೂ ಹೋಯಿತು.

ಉಳಿದದ್ದು ಟೇಕುಗಳು. ಅಲ್ಲೇ ಉತ್ತರ ಇತ್ತು. ಯಾವ ಸಂಗೀತವೂ ಇಲ್ಲದೆ, ಟೇಕುಗಳನ್ನು ಒಂದರ ಬೆನ್ನಿಗೆ ಒಂದು ಇಟ್ಟೆ. ಮೊದಲ ಸಲ ಅಧಿಕಾರಿ ಕೇಳುತ್ತಾನೆ, ಜುಡಾ ಎದ್ದು, ‘ಎಲ್ಲವೂ ದೇವರ ಕೈಯಲ್ಲಿದೆ’ ಅನ್ನುವ ಅರ್ಥದ ಮಾತು ಹೇಳುತ್ತಾರೆ. ನೋಡುವವರು ನಂಬುತ್ತಾರೆ. ಎರಡನೆಯ ಸಲ ಅದೇ ಬಂದಾಗ ಅನುಮಾನ. ಮೂರನೆಯ ಸಲಕ್ಕೆ ಇಡೀ ಕಾರ್ಯಕ್ರಮ ಏನು ಅಂತ ಯಾರೂ ಹೇಳಬೇಕಾಗಿಲ್ಲ. ಇದಕ್ಕಿಂತ ಹರಿತವಾದ ವ್ಯಂಗ್ಯವನ್ನು ಯಾವ ಹಾಡಿನಿಂದಲೂ ನನಗೆ ಮಾಡಲು ಆಗುತ್ತಿರಲಿಲ್ಲ. ಮಾಡಿದ್ದು ಪಡೆಯವರೇ, ನಾನು ಕತ್ತರಿಸದೆ ಬಿಟ್ಟೆ ಅಷ್ಟೇ. ಜುಡಾ ಅವರ ಆ ಮಾತು ಇವತ್ತು ಬಿಕಿನಿಯ ಧ್ವಜದ ಮೇಲಿದೆ. ಅದನ್ನು ಒಂದು ಸಾಲಿನ ಅಕ್ಷರದಲ್ಲಿ ಹೇಳಿದ್ದೇನೆ.

ಹಂತ 6: ಮಾರ್ಚ್ ಸಂಗೀತ ಮತ್ತು ಕಟ್

ಜುಲೈನ ಹಡಗುಗಳ ದೃಶ್ಯಕ್ಕೆ ಮಾರ್ಚ್ ಸಂಗೀತ ಬಂತು. ದ್ವೀಪಗಳ ನಡುವಿನ ಲಗೂನಿನ ನೀರಿನಲ್ಲಿ ಸಾಲುಸಾಲು ಯುದ್ಧನೌಕೆ, ಡೆಕ್ಕಿನ ಮೇಲೆ ಕ್ಯಾಮೆರಾಗಳು, ಕಪ್ಪು ಕನ್ನಡಕದ ಅತಿಥಿಗಳು. ಪಡೆ ತನ್ನನ್ನು ತೋರಿಸಿಕೊಳ್ಳಲು ತೆಗೆಸಿದ ಚಿತ್ರ, ಪಡೆಯದ್ದೇ ಸಂಗೀತ.

ಮಾರ್ಚ್ ಸುಮಾರು ನಿಮಿಷಕ್ಕೆ 120 ಬೀಟ್. ಸೆಕೆಂಡಿಗೆ 24 ಫ್ರೇಮ್ ಅಂದರೆ ಬೀಟಿಗೆ 12 ಫ್ರೇಮ್. ಲೆಕ್ಕ ಸುಲಭ ಆದದ್ದರಿಂದ ಪ್ರತಿ ಕಟ್ಟನ್ನೂ ಬೀಟಿನ ಮೇಲೆ ಕೂರಿಸಿದೆ. ನೋಡಿದರೆ ಜಾಹೀರಾತು! ಹಡಗು, ಹಡಗು, ಹಡಗು. ಚಿತ್ರ ಸಂಗೀತದ ಪರವಾಗಿ ನಿಂತುಬಿಟ್ಟಿತು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಬ್ರಿಟನ್ನಿನ ಚಾರ್ಲ್ಸ್ ರಿಡ್ಲಿ ನಾಜಿ ಸೈನಿಕರ ಕವಾಯತನ್ನು ಹಿಂದೆ ಮುಂದೆ ಓಡಿಸಿ ಒಂದು ನೃತ್ಯದ ಟ್ಯೂನಿಗೆ ಕುಣಿಸಿದ್ದು ನೆನಪಾಯಿತು. ಅಲ್ಲಿ ತಾಳಕ್ಕೆ ಸರಿಯಾಗಿ ಕತ್ತರಿಸಿದ್ದೇ ಪೆಟ್ಟು, ಯಾಕೆಂದರೆ ಚಲನೆಯನ್ನೇ ತಿರುಚಿದ್ದ. ನಾನು ಏನನ್ನೂ ತಿರುಚುತ್ತಿಲ್ಲ. ತಾಳಕ್ಕೆ ಕತ್ತರಿಸಿದರೆ ಹೊಗಳಿದ ಹಾಗೇ ಆಗುತ್ತದೆ.

ಸರಿಮಾಡಿದ್ದು ಹೀಗೆ. ಕೆಲವು ಕಟ್ಟುಗಳನ್ನು ಬೀಟಿಗಿಂತ 3ರಿಂದ 5 ಫ್ರೇಮ್ ತಡವಾಗಿ ಸರಿಸಿದೆ. ಶಾಟುಗಳನ್ನು ಉದ್ದ ಬಿಟ್ಟೆ. ಒಬ್ಬ ಅತಿಥಿ ಕನ್ನಡಕ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಳ್ಳುವುದು ಪೂರ್ತಿ ಇದೆ. ಸಂಗೀತ ಮುಂದೆ ಓಡುತ್ತದೆ, ಚಿತ್ರ ಓಡುವುದಿಲ್ಲ. ಆ ಎರಡರ ನಡುವಿನ ಸಂದಿಯಲ್ಲಿ ನೋಡುವವರಿಗೆ ಯೋಚಿಸಲು ಜಾಗ ಸಿಗುತ್ತದೆ.

ಮಾರ್ಚನ್ನು ಎಲ್ಲಿ ನಿಲ್ಲಿಸುವುದು ಅನ್ನುವುದು ಇನ್ನೊಂದು ಪ್ರಶ್ನೆ. ಬೇಕರ್ ಸ್ಫೋಟ ನೀರಿನಡಿ ನಡೆದದ್ದು, ಲಗೂನಿನ ನೀರೇ ಕಂಬವಾಗಿ ಎದ್ದು ಹಡಗುಗಳ ಮೇಲೆ ಬಿತ್ತು. ಆಮೇಲೆ ನಾವಿಕರು ಆ ವಿಕಿರಣದ ಹಡಗುಗಳನ್ನು ನೀರು ಹಾಯಿಸಿ, ಬ್ರಷ್ ಹಿಡಿದು ತಿಕ್ಕಿದರು. ಮಾಮೂಲಿ ಬಟ್ಟೆಯಲ್ಲೇ. ಆ ಶಾಟುಗಳ ಮೇಲೂ ಮಾರ್ಚ್ ಮುಂದುವರಿದಿತ್ತು. ಪಡೆಯವರೇ ಅಲ್ವಾ ಅಂತ ಬಿಟ್ಟಿದ್ದೆ. ಆದರೆ ಬ್ರಷ್ ಹಿಡಿದ ಹುಡುಗನಿಗೆ ಅಪಾಯ ಎಷ್ಟು ಅಂತ ಯಾರೂ ವಿವರಿಸಿ ಹೇಳಿರಲಿಲ್ಲ. ಅವನು ಡೆಸ್ಕಿನ ಕೆಳಗಿನ ಮಗುವಿನ ಸಾಲಿಗೇ ಸೇರಿದವನು. ಈಗ ಮಾರ್ಚ್ ನೀರಿನ ಕಂಬದ ಮೇಲೆ, ಸ್ವರದ ಮಧ್ಯದಲ್ಲೇ, ಕತ್ತರಿಸಿ ಹೋಗುತ್ತದೆ. ಫೇಡ್ ಇಲ್ಲ.

ಹಂತ 7: ಮೌನದ ಟ್ರ್ಯಾಕ್

ಸಂಗೀತ ತೆಗೆದ ಕಡೆ ಟ್ರ್ಯಾಕ್ ಖಾಲಿ ಬಿಟ್ಟರೆ ನೋಡುವವರು ವಾಲ್ಯೂಮ್ ಬಟನ್ ಒತ್ತುತ್ತಾರೆ. ಆಡಿಯೊ ಕೆಟ್ಟಿತು ಅಂದುಕೊಳ್ಳುತ್ತಾರೆ. ಹಳೆಯ ಫಿಲ್ಮಿನ ಮೌನಕ್ಕೂ ಒಂದು ಸದ್ದಿದೆ, ಸಣ್ಣಗೆ ‘ಸ್ಸ್’ ಅನ್ನುವ ಸದ್ದು. ವ್ಯಾಟ್ ಎರಡು ಮಾತಿನ ನಡುವೆ ನಿಲ್ಲಿಸುವ ಕಡೆಯಿಂದ ಅದನ್ನು ಕತ್ತರಿಸಿ, ತುದಿಗಳು ಒಂದರೊಳಗೊಂದು ಕರಗುವ ಹಾಗೆ ಅರ್ಧ ಸೆಕೆಂಡು ಕ್ರಾಸ್‌ಫೇಡ್ ಮಾಡಿ, ಬೇಕಾದಷ್ಟು ಉದ್ದಕ್ಕೆ ಹಾಸಿದೆ. ತರಗತಿಯ ಮೌನಕ್ಕೆ ತರಗತಿಯ ರೀಲಿನದ್ದೇ ಸದ್ದು. ಒಂದರದ್ದು ಇನ್ನೊಂದಕ್ಕೆ ಹಾಕಿದರೆ ಕಿವಿಗೆ ಗೊತ್ತಾಗುತ್ತದೆ.

80 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ ಗುಂಯ್‌ಗುಡುವುದನ್ನು ಕಡಿಮೆ ಮಾಡಿದೆ. ಅದಕ್ಕಿಂತ ಜಾಸ್ತಿ ಶುಚಿ ಮಾಡಲಿಲ್ಲ. ನಾಯ್ಸ್ ರಿಡಕ್ಷನ್ ಹೆಚ್ಚಾದರೆ ಜುಡಾ ಅವರ ದನಿ ನೀರಿನೊಳಗಿಂದ ಬಂದ ಹಾಗೆ ಕೇಳುತ್ತದೆ. ಇನ್ನೊಂದು: ಮಾರ್ಚ್ ಹೊಸ ಕಾಲದ ಸ್ಪಷ್ಟ ರೆಕಾರ್ಡಿಂಗ್, ಹಳೆಯ ಚಿತ್ರದ ಮೇಲೆ ಬೇರೆಯಾಗಿ ಎದ್ದು ನಿಲ್ಲುತ್ತಿತ್ತು. 6 ಕಿಲೋಹರ್ಟ್ಸ್ ಮೇಲಿನದನ್ನು ಇಳಿಸಿ, ಮೋನೊ ಮಾಡಿದ ಮೇಲೆ ಕೂಡಿಕೊಂಡಿತು. ಸದ್ದಿನ ಒಟ್ಟು ಮಟ್ಟ ಇಂಟರ್ನೆಟ್ಟಿಗೆ ಮೈನಸ್ 16 ಎಲ್‌ಯುಎಫ್‌ಎಸ್ (ಸದ್ದು ಕಿವಿಗೆ ಎಷ್ಟು ಜೋರು ಅಂತ ಅಳೆಯುವ ಮಾನ).

ಹಂತ 8: ಇಸವಿ

ನೆವಾಡಾದ ಮನೆಯ ದೃಶ್ಯ 1953ರದ್ದು. ಮಕ್ಕಳ ಚಿತ್ರದ ದನಿ 1951ರದ್ದು. ‘ಮಿಂಚು ಕಂಡರೆ ಬಗ್ಗಿ’ ಅನ್ನುವ ದನಿಯ ಬೆನ್ನಿಗೇ ಸಿಡಿಯುವ ಮನೆ ತೋರಿಸಿದರೆ, ಇದನ್ನು ನೋಡಿದ ಮೇಲೂ ಸರ್ಕಾರ ಹಾಗೆ ಹೇಳಿತು ಅಂತ ಅರ್ಥವಾಗುತ್ತದೆ. ಅದು ಸುಳ್ಳು. ಜೋಡಣೆಯಿಂದ ಹುಟ್ಟುವ ಇಂಥ ಸುಳ್ಳನ್ನು ಯಾರೂ ಬಾಯಿಬಿಟ್ಟು ಹೇಳಿರುವುದಿಲ್ಲ, ಆದ್ದರಿಂದ ಹಿಡಿಯುವುದೂ ಕಷ್ಟ. ಹಳೆಯ ರೀಲಿನ ಮೇಲೆ ವ್ಯಂಗ್ಯ ಮಾಡುವವರಿಗೆ ಈ ವಿಷಯದಲ್ಲಿ ರಿಯಾಯಿತಿ ಇರಬಾರದು ಅಂತ ನನಗೆ ಬಲವಾಗಿ ಅನಿಸುತ್ತದೆ.

ಹಾಗಾಗಿ ಎಡ ಮೂಲೆಯಲ್ಲಿ ಪ್ರತಿ ಶಾಟಿಗೂ ಇಸವಿ. ಚಿತ್ರ ಮತ್ತು ದನಿ ಬೇರೆ ಬೇರೆ ಕಾಲದ್ದಾದರೆ ಎರಡೂ: ‘ಚಿತ್ರ 1953, ದನಿ 1951’. ಪರಿಣಾಮ ಕಡಿಮೆಯಾಗಬಹುದು ಅಂತ ಅಳುಕಿತ್ತು. ಆಗಲಿಲ್ಲ. ಇಸವಿ ಓದುತ್ತಾ ನೋಡುವವರು ಇನ್ನಷ್ಟು ಹುಷಾರಾಗಿ ಕೇಳಿಸಿಕೊಂಡರು. ಮಾರ್ಚ್ ಶುರುವಾಗುವಾಗಲೂ ಅದು 1889ರ ರಚನೆ, ರೆಕಾರ್ಡಿಂಗ್ ಆಮೇಲಿನದು, ನಾನು ಸೇರಿಸಿದ್ದು ಅಂತ ಅಕ್ಷರದಲ್ಲಿ ಇದೆ.

ಹಂತ 9: ಉಳಿದಿರುವುದು

ಕೊನೆಯ ಫೈಲು ಹೊರತೆಗೆದದ್ದು 1440×1080 ಪಿಕ್ಸೆಲ್, ಸೆಕೆಂಡಿಗೆ 23.976 ಫ್ರೇಮ್, ಎಚ್.264 ಎಂಬ ವಿಡಿಯೊ ನಮೂನೆಯಲ್ಲಿ. ಮೂಲ ಫೈಲುಗಳ ಒಂದು ಪ್ರತಿ ಬೇರೆ ಡಿಸ್ಕಿನಲ್ಲಿದೆ.

ಚಿತ್ರವನ್ನು ಇನ್ನೂ ಹೊರಗೆ ಬಿಟ್ಟಿಲ್ಲ. ಕಾರಣ ಉಪಶೀರ್ಷಿಕೆ. ವ್ಯಾಟ್‌ನ ಇಂಗ್ಲಿಷ್ ಮಾತಿಗೆ ಕನ್ನಡ ಸಾಲು ಬರೆದು ಆಗಿದೆ. ದುಭಾಷಿ ಜನರಿಗೆ ಅವರ ಭಾಷೆಯಾದ ಮಾರ್ಷಲೀಸ್‌ನಲ್ಲಿ ಹೇಳಿದ್ದಕ್ಕೆ, ಜನ ತಮ್ಮತಮ್ಮಲ್ಲಿ ಆಡಿಕೊಂಡದ್ದಕ್ಕೆ ನನ್ನ ಹತ್ತಿರ ಏನೂ ಇಲ್ಲ. ಅಧಿಕಾರಿಯ ಮಾತಿಗೆ ಮಾತ್ರ ಉಪಶೀರ್ಷಿಕೆ ಕೊಟ್ಟು ಉಳಿದವರದನ್ನು ಬರೀ ಸದ್ದಾಗಿ ಬಿಟ್ಟರೆ, 1946ರ ಕ್ಯಾಮೆರಾ ಮಾಡಿದ್ದನ್ನೇ ನಾನೂ ಮಾಡಿದ ಹಾಗೆ. ಮಾರ್ಷಲೀಸ್ ಬಲ್ಲವರನ್ನು ಹುಡುಕುತ್ತಿದ್ದೇನೆ. ಅವರು ಕೇಳಿ ಹೇಳಿದ ಮೇಲೆ ಟೇಕುಗಳ ಆ ಭಾಗವನ್ನು ಮತ್ತೊಮ್ಮೆ ಕತ್ತರಿಸಬೇಕಾಗಿ ಬಂದರೂ ಸರಿ.